ಇಟ್ಟಿಗೆ ಕೆಂಪಿನ ಬೀಗ

ನೂಲಿನ ಸಾಹುಕಾರನ ಗೋದಾಮಿನಲ್ಲಿ ತನ್ನ ಬಣ್ಣ ಬೇರೆಯವರ ಚೀಟಿ ಕಟ್ಟಿಕೊಂಡು ಕೂತಿದ್ದನ್ನು ಕಂಡ ದಿನ ಬಣ್ಣದಕ್ಕನಿಗೆ ಊಟ ಗಂಟಲಲ್ಲಿ ಇಳಿಯಲಿಲ್ಲ.

ಅವಳು ಹೋದದ್ದು ಬಿಳಿ ನೂಲು ತರಲು. ಗುಮಾಸ್ತ ಲೆಡ್ಜರಿನಲ್ಲಿ ಮುಖ ಹುದುಗಿಸಿದ್ದ. ಅವನ ಬೆನ್ನ ಹಿಂದಿನ ಕಪಾಟಿನಲ್ಲಿ ಹತ್ತು ಹನ್ನೆರಡು ಲಡಿ ಕೆಂಪು ನೂಲು ನೇತಾಡುತ್ತಿತ್ತು. ಬಣ್ಣದಕ್ಕ ಒಂದು ಲಡಿ ಎಳೆದುಕೊಂಡು ಬಾಗಿಲ ಬೆಳಕಿಗೆ ಹಿಡಿದಳು. ನಾಲಿಗೆಗೆ ಒಂದು ಎಳೆ ತಾಗಿಸಿ ತೋಳಿನ ಬಿಳಿ ಬಟ್ಟೆಗೆ ಉಜ್ಜಿದಳು. ಬಣ್ಣ ಬಿಡಲಿಲ್ಲ. ಅದು ಇಟ್ಟಿಗೆ ಕೆಂಪು. ಅವಳ ಅಪ್ಪನ ಇಟ್ಟಿಗೆ ಕೆಂಪು.

"ಇದು ನಮ್ಮ ಲಡಿ ಅಲ್ಲ. ಗಂಟು ಬೇರೆ ಥರ ಇದೆ. ಯಾರದು?"

"ಕಾಲುವೆ ಆಚೆ ಗಡ್ಡದವರದು," ಎಂದ ಗುಮಾಸ್ತ, ತಲೆ ಎತ್ತದೆ. "ಚೆನ್ನಾಗಿದೆ ಅಲ್ವಾ? ಸಾಹುಕಾರರು ಬಹಳ ಮೆಚ್ಚಿಕೊಂಡ್ರು."

ಗಡ್ಡದವನು ಒಂದು ಕಾಲದಲ್ಲಿ ಅವಳ ಅಪ್ಪನ ಕೈಕೆಳಗೆ ನೂಲು ತಿರುವುತ್ತಿದ್ದ. ಹದಿನೈದು ವರ್ಷದಿಂದ ಈ ಕೆಂಪಿಗಾಗಿ ತಿಣುಕುತ್ತಿದ್ದ. ಒಮ್ಮೆ ಕೇಸರಿಗೆ ತಿರುಗುತ್ತಿತ್ತು, ಒಮ್ಮೆ ಹೆಪ್ಪುಗಟ್ಟಿದ ರಕ್ತದಂತೆ ಕಾಣುತ್ತಿತ್ತು. ಹದಿನೈದು ವರ್ಷ ಆಗದ್ದು ಈಗ ಒಂದೇ ತಿಂಗಳಲ್ಲಿ ಹೇಗಾಯಿತು? ಯಾರೋ ಕೊಟ್ಟಿದ್ದಾರೆ. ಒಳಗಿನವರೇ ಕೊಟ್ಟಿದ್ದಾರೆ. ಬಸ್ಸಿನಲ್ಲಿ ಕೂತು ಅವಳು ಮನಸ್ಸಿನಲ್ಲೇ ಒಬ್ಬೊಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ವಿಚಾರಣೆ ಮಾಡಿದಳು. ಪಕ್ಕದಲ್ಲಿ ಕೂತಿದ್ದ ಮುದುಕ ಅವಳ ಮುಖ ನೋಡಿ ಎದ್ದು ಹಿಂದಿನ ಸೀಟಿಗೆ ಹೋದ.

ಬಣ್ಣದ ಮನೆ ಎಂದರೆ ತಗಡಿನ ಮಾಡಿನ ಉದ್ದನೆಯ ಶೆಡ್ಡು, ಐದು ತೊಟ್ಟಿ, ಒಂದು ಬಾಯ್ಲರು, ಹಿಂದೆ ನೂಲು ಒಣಹಾಕುವ ಕಂಬಿಗಳು. ಮುಂದೆ ಗಾಜಿನ ಕಿಟಕಿಯ ಸಣ್ಣ ಆಫೀಸು. ಮೇಲಿನ ಮಹಡಿಯಲ್ಲಿ ತಮ್ಮ, ತಮ್ಮನ ಹೆಂಡತಿ, ಅವರ ಮಗಳು. ಕೆಳಗಿನ ಒಂಟಿ ಕೋಣೆಯಲ್ಲಿ ಬಣ್ಣದಕ್ಕ. ಅವಳು ಮದುವೆಯಾಗಲಿಲ್ಲ. ಕೇಳಿದವರಿಗೆ, "ಬಣ್ಣ ಹಿಡಿದ ಕೈ ಯಾರಿಗೆ ಕೊಡಲಿ?" ಎಂದು ಅಂಗೈ ಚಾಚಿ ತೋರಿಸುತ್ತಿದ್ದಳು. ಉಗುರುಗಳ ಬುಡದಲ್ಲಿ ಮೂವತ್ತು ವರ್ಷದ ನೀಲಿ ಕೂತಿತ್ತು. ತಮ್ಮ ವ್ಯಾನು ಓಡಿಸುತ್ತಿದ್ದ. ಅಕ್ಕನ ಮಾತಿಗೂ ಹೂಂ, ಹೆಂಡತಿಯ ಮಾತಿಗೂ ಹೂಂ. ತಮ್ಮನ ಹೆಂಡತಿಯನ್ನು ಕೆಲಸದ ಹೆಂಗಸರು ಕಿರಿಯಕ್ಕ ಎನ್ನುತ್ತಿದ್ದರು. ಅವಳು ಮಾತು ಕಡಿಮೆ, ಕೆಲಸ ಜಾಸ್ತಿ ಎನ್ನುವ ಜಾತಿ. ಬಣ್ಣದಕ್ಕನಿಗೆ ಮಾತಾಡದವರನ್ನು ಕಂಡರೆ ಮೊದಲಿನಿಂದಲೂ ಅನುಮಾನ. ಬೈದರೆ ತಿರುಗಿ ಬೈಯಬೇಕು. ಸುಮ್ಮನಿರುವವರು ಒಳಗೆ ಏನು ಬೇಯಿಸುತ್ತಿರುತ್ತಾರೋ ಯಾರಿಗೆ ಗೊತ್ತು?

ಬಣ್ಣದ ಪುಡಿ ಪೇಟೆಯಲ್ಲಿ ಯಾರು ಬೇಕಾದರೂ ಕೊಳ್ಳಬಹುದು. ಗುಟ್ಟಿರುವುದು ಗ್ರಾಮಿನಲ್ಲಿ. ಹತ್ತು ಕಿಲೋ ನೂಲಿಗೆ ಯಾವ ಪುಡಿ ಎಷ್ಟು, ಉಪ್ಪು ಎಷ್ಟು ಕಂತಿನಲ್ಲಿ, ಸೋಡಾ ಯಾವಾಗ, ಬಿಸಿ ಎಷ್ಟು. ಅದೆಲ್ಲ ಅಪ್ಪನ ನೋಟುಬುಕ್ಕಿನಲ್ಲಿತ್ತು. ತಕ್ಕಡಿಯ ಮುಂದೆ ಬಣ್ಣದಕ್ಕ ಎಲ್ಲರಿಗೂ ಬೆನ್ನು ಹಾಕಿ ನಿಲ್ಲುತ್ತಿದ್ದಳು. ಪುಡಿ ತೂಗಿ ಬೋಗುಣಿಯಲ್ಲಿ ಕಲಸಿಕೊಟ್ಟ ಮೇಲೆಯೇ ಉಳಿದವರಿಗೆ ಕೆಲಸ. ಅವಳಿಗೆ ಜ್ವರ ಬಂದರೆ ಶೆಡ್ಡಿಗೇ ಜ್ವರ. ತೊಟ್ಟಿಗಳು ತಣ್ಣಗೆ ಮಲಗುತ್ತಿದ್ದವು.

ಆದರೆ ಶೆಡ್ಡಿನ ಹಬೆಗೆ ನೋಟುಬುಕ್ಕಿನ ಶಾಯಿ ಹರಡತೊಡಗಿತ್ತು. ಮೂರು ಯಾವುದು, ಎಂಟು ಯಾವುದು ತಿಳಿಯದಂತಾಯಿತು. ಆಗ ಕಂಪ್ಯೂಟರ್ ರಿಪೇರಿಯವನು ಬಂದು ಆಫೀಸಿನ ಹಳೇ ಡಬ್ಬಕ್ಕೆ ಒಂದು ಸಾಫ್ಟ್‌ವೇರ್ ಹಾಕಿಕೊಟ್ಟ. ಕಾಗದಪತ್ರ ಬರೆಯಬಹುದು, ಕೋಷ್ಟಕ ಮಾಡಬಹುದು, ಪಾಸ್‌ವರ್ಡ್ ಹಾಕಿ ಮುಚ್ಚಿಡಬಹುದು, ಎಲ್ಲ ಪುಕ್ಕಟೆ ಎಂದ.

"ಪುಕ್ಕಟೆ ಯಾಕೆ?" ಎಂದಳು ಬಣ್ಣದಕ್ಕ.

"ಹಾಗೇ. ಯಾರೋ ಪುಣ್ಯಾತ್ಮರು ಸೇರಿ ಮಾಡಿ ಎಲ್ಲರಿಗೂ ಬಿಟ್ಟಿದ್ದಾರೆ."

"ಬೀಗ ಮಾಡಿ ಬೀದಿಯಲ್ಲಿ ಹಂಚೋನು ಪುಣ್ಯಾತ್ಮ ಅಲ್ಲ ಕಣಯ್ಯಾ. ಇನ್ನೊಂದು ಕೀಲಿ ಅವನ ಜೇಬಲ್ಲಿರುತ್ತೆ."

"ಇಲ್ಲಕ್ಕಾ, ನಾನು ಹಾಕಿ ತೋರಿಸ್ತೀನಿ..."

"ನೀನು ಹಾಕಿದ್ರೆ ಮೂರನೇ ಕೀಲಿ ನಿನ್ನ ಜೇಬಲ್ಲಿರುತ್ತೆ. ನಡಿ, ಹೋಗಿ ಚಾ ಕುಡಿ."

ಮೂರು ತಿಂಗಳು ಪ್ರತಿ ಮಧ್ಯಾಹ್ನ ಆಫೀಸಿನ ಬಾಗಿಲು ಹಾಕಿ, ಕಿಟಕಿಗೆ ಹಳೇ ಗೋಣಿ ಕಟ್ಟಿ, ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ನೋಟುಬುಕ್ಕನ್ನೆಲ್ಲ ಕಂಪ್ಯೂಟರಿಗೆ ಇಳಿಸಿದಳು. ಕಡೆಗೆ ಬೀಗ ಹಾಕುವ ದಿನ ಬಂತು. ಪಾಸ್‌ವರ್ಡ್ ಹಾಕುವ ಚೌಕದಲ್ಲಿ ಎರಡು ಜಾಗ ಇದ್ದವು. ಮೇಲಿನದು ಫೈಲು ತೆರೆಯಲು. ಅದರ ಕೆಳಗೇ ಒಂದು ಎಚ್ಚರಿಕೆ: ಈ ಪಾಸ್‌ವರ್ಡ್ ಮರೆತರೆ ಫೈಲನ್ನು ಯಾರಿಂದಲೂ ತೆರೆಯಲಾಗದು. ಕೆಳಗಿನದು ಫೈಲು ತಿದ್ದಲು. ಅದಕ್ಕೆ ಎಚ್ಚರಿಕೆ ಏನೂ ಇರಲಿಲ್ಲ.

ಬಣ್ಣದಕ್ಕ ಗಲ್ಲಕ್ಕೆ ಕೈ ಕೊಟ್ಟು ಅರ್ಧ ಗಂಟೆ ಯೋಚಿಸಿದಳು. ಯಾರಿಂದಲೂ ತೆರೆಯಲಾಗದು ಅಂದರೇನು? ನಾಳೆ ತಲೆಗೆ ಏಟು ಬಿದ್ದು ಮರೆತರೆ ಅಪ್ಪನ ಬುಕ್ಕು ಗೋರಿಗೆ ಹೋದ ಹಾಗೆ. ಅಥವಾ ಆಗ ಬಂದು, "ನಾವು ತೆರೆದುಕೊಡ್ತೀವಿ, ಇಷ್ಟು ಕೊಡಿ" ಎಂದು ಕೈ ಚಾಚುವ ಸಂಚು. ಪುಕ್ಕಟೆಯ ಗುಟ್ಟು ಇಲ್ಲಿದೆ ನೋಡು! ತನ್ನನ್ನು ಯಾಮಾರಿಸಲು ಯಾರಿಂದ ಆಗುತ್ತದೆ ಎಂದು ಹೆಮ್ಮೆಪಟ್ಟುಕೊಂಡು ಮೇಲಿನ ಜಾಗವನ್ನು ಖಾಲಿ ಬಿಟ್ಟು ಕೆಳಗಿನದರಲ್ಲಿ ಪಾಸ್‌ವರ್ಡ್ ಕುಟ್ಟಿದಳು. ಮುಚ್ಚಿದಳು. ತೆರೆದು ಪರೀಕ್ಷೆ ಮಾಡಿದಳು. ಪಾಸ್‌ವರ್ಡ್ ಕೊಡಿ ಎಂದಿತು. ಕೊಟ್ಟಳು. ತೆರೆಯಿತು. ಅಷ್ಟೇ ಸಾಕಿತ್ತು. ಪಾಸ್‌ವರ್ಡ್ ಕೇಳುವ ಪೆಟ್ಟಿಗೆಯ ಕೆಳಗಡೆ ಇನ್ನೊಂದು ಸಣ್ಣ ಗುಂಡಿಯಿತ್ತು. ಅದನ್ನು ಒತ್ತಿ ನೋಡುವ ಕೆಲಸ ಅವಳಿಗೆ ಬೀಳಲೇ ಇಲ್ಲ.

ಆ ಬೀಗ ಬಿದ್ದ ಮೇಲೆ ಅವಳ ನಡಿಗೆಯೇ ಬದಲಾಯಿತು. ಸಾಹುಕಾರ ಹತ್ತು ವರ್ಷದಿಂದ ಪೀಡಿಸುತ್ತಿದ್ದ: "ಅಕ್ಕಾ, ನಿಮಗೇನಾದ್ರೂ ಆದ್ರೆ ನಮ್ಮ ಕಿಟಕಿ ಪರದೆ ನೂಲಿನ ಗತಿ ಏನು? ಬಣ್ಣದ ಪಟ್ಟಿ ಒಂದು ಕಡೆ ಇರಲಿ." ಈಗ ಅವಳೇ ಫೈಲನ್ನು ಗುಮಾಸ್ತನಿಗೆ ಮೇಲ್ ಮಾಡಿ ಫೋನಿನಲ್ಲಿ ಗಹಗಹಿಸಿ ನಕ್ಕಳು. "ಇಟ್ಕೊಳ್ಳಿ! ಬೀಗ ಹಾಕಿದೆ. ನೋಡಿಕೊಂಡು ಜೊಲ್ಲು ಸುರಿಸಿ. ನಾನು ಸತ್ತರೆ ನನ್ನ ತಮ್ಮ ಕೀಲಿ ಕೊಡ್ತಾನೆ." ಪಾಸ್‌ವರ್ಡನ್ನು ಒಂದು ಲಕೋಟೆಯಲ್ಲಿ ಅಂಟಿಸಿ ಸ್ಟೀಲ್ ಕಪಾಟಿನಲ್ಲಿಟ್ಟು, ಕಪಾಟಿನ ಕೀಲಿಯನ್ನು ಕೊರಳಿಗೆ ಹಾಕಿಕೊಂಡಳು.

ಇಷ್ಟು ಬಂದೋಬಸ್ತಿದ್ದ ಗುಟ್ಟು ಈಗ ಗಡ್ಡದವನ ತೊಟ್ಟಿಯಲ್ಲಿ ಕುದಿಯುತ್ತಿದೆ.

ಶೆಡ್ಡಿಗೆ ಬಂದವಳು ಮೊದಲು ಕಪಾಟು ನೋಡಿದಳು. ಲಕೋಟೆ ಅಂಟಿಸಿದಂತೆಯೇ ಇತ್ತು. ರಿಪೇರಿಯವನಿಗೆ ಫೋನ್ ಮಾಡಿ, "ಆ ಪುಣ್ಯಾತ್ಮರ ವಿಳಾಸ ಕೊಡು" ಎಂದಳು. ಅವನು ನಕ್ಕ. ಅವಳು ಹತ್ತು ನಿಮಿಷ ಬೈದಳು. ತಮ್ಮನನ್ನು ಕೇಳಿದಳು. ತಮ್ಮ, "ನನಗೆ ಕೆಂಪು, ಕಂದು ಎರಡೂ ಒಂದೇ ಕಣಕ್ಕಾ" ಎಂದ. ಅದು ನಿಜವೇ. ಕೊನೆಗೆ ಉಳಿದವಳು ಒಬ್ಬಳೇ.

ಒಮ್ಮೆ ಅನುಮಾನದ ಕಣ್ಣು ಬಿಟ್ಟಮೇಲೆ ಕಾಣಿಸುವುದಕ್ಕೇನು ಬರ! ಕಿರಿಯಕ್ಕ ಆಫೀಸಿನಲ್ಲಿ ಕೂತು ಸರಕಿನ ಲೆಕ್ಕ ಬರೆಯುತ್ತಿದ್ದಾಗ ಬಣ್ಣದಕ್ಕ ಒಳಗೆ ಹೋದರೆ ಕಂಪ್ಯೂಟರ್ ಪರದೆಯ ಮೇಲಿನದು ಫಕ್ಕನೆ ಬದಲಾಗುತ್ತಿತ್ತು. ತೊಟ್ಟಿಯ ಹತ್ತಿರ ಅವಳು ಕೈಗವಸು ತೆಗೆದಾಗ ಮುಂಗೈ ಮೇಲೆ ಪೆನ್ನಿನಲ್ಲಿ ಬರೆದ ಅಂಕಿಗಳು ಕಂಡವು. ಬಣ್ಣದಕ್ಕ ದಿಟ್ಟಿಸಿದ ಕೂಡಲೇ ಅವಳು ತೋಳು ಇಳಿಸಿಕೊಂಡಳು.

"ಏನದು ಕೈ ಮೇಲೆ?"

"ಏನಿಲ್ಲ ಅತ್ತಿಗೆ. ಶೆಡ್ಡಲ್ಲಿ ಕಾಗದ ನೆನೆಯುತ್ತಲ್ಲ, ಅದಕ್ಕೇ."

"ಏನು ಬರ್ಕೊಂಡಿದ್ದೀ ಅಂತ ಕೇಳಿದ್ದು."

"ಟೈಮು," ಎಂದು ಹೇಳಿ ಅವಳು ನೀರು ತರಲು ಹೋದಳು.

ಟೈಮಂತೆ! ಬಣ್ಣದಕ್ಕ ಹಲ್ಲು ಕಡಿದಳು. ಆಗಲೇ ಎಳೆದು ಕೆನ್ನೆಗೆ ಬಾರಿಸಬೇಕೆನಿಸಿತು. ಆದರೆ ಸಾಕ್ಷಿ ಬೇಕು. ತಮ್ಮ ಹೂಂ ಎನ್ನುವವನಾದರೂ ಹೆಂಡತಿಯನ್ನು ಮನೆಯಿಂದ ಹೊರಗೆ ಹಾಕುತ್ತೇನೆ ಎಂದರೆ ಸಾಕ್ಷಿ ಕೇಳದಿರುವಷ್ಟು ಹೂಂ ಅಲ್ಲ. ಕಳ್ಳತನ ಅವಳದೇ ಎಂದು ಸಾಬೀತಾದರೆ ಆ ವಾರವೇ ಮಹಡಿ ಖಾಲಿಯಾಗಬೇಕು. ತಮ್ಮ ಬೇಕಾದರೆ ಉಳಿಯಲಿ, ಬೇಡವಾದರೆ ಅವನೂ ಹೋಗಲಿ. ಹಾಗೆಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಅಣ್ಣ ತಮ್ಮಂದಿರು ಮನೆ ಒಡೆದುಕೊಳ್ಳುವಾಗ ಅಳುವವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಈ ಸಲ ತಾನೇ ಸೆರಗಿನಿಂದ ಕಣ್ಣೊರೆಸಿಕೊಂಡಾಗ ಅದು ಸೋಡಾ ಘಾಟು ಎಂದುಕೊಂಡಳು.

ಸೋಮವಾರ ಅವಳು ಬಾಗಿಲು ಹಾಕಿ, ಗೋಣಿ ಕಟ್ಟಿ, ಫೈಲು ತೆರೆದಳು. ಇಟ್ಟಿಗೆ ಕೆಂಪಿನ ಪುಟದಲ್ಲಿ ಹೀಗಿತ್ತು: ಹತ್ತು ಕಿಲೋ ನೂಲಿಗೆ ಕೆಂಪು ನೂರೆಂಬತ್ತು ಗ್ರಾಂ, ಹಳದಿ ನೂರಿಪ್ಪತ್ತು, ನೀಲಿ ಆರು. ಆ ಆರು ಗ್ರಾಂ ನೀಲಿಯೇ ಇಡೀ ಗುಟ್ಟು. ಕೆಂಪಿನ ಕಿರುಚಾಟ ಇಳಿಸಿ ಸುಟ್ಟ ಮಣ್ಣಿನ ಗಾಂಭೀರ್ಯ ಕೊಡುತ್ತಿದ್ದುದು ಅದು. ಅವಳು ಆರರ ಎಡಕ್ಕೆ ಒಂದನ್ನು ಕೂರಿಸಿ ಹದಿನಾರು ಮಾಡಿದಳು. ಕದ್ದು ನೋಡುವವರು ಮತ್ತೊಮ್ಮೆ ನೋಡಿಯೇ ನೋಡುತ್ತಾರೆ. ಗಡ್ಡದವನ ಮುಂದಿನ ನೂಲು ಕುರಿಯ ಪಿತ್ತಜನಕಾಂಗದ ಬಣ್ಣಕ್ಕೆ ಬಂದರೆ, ಕಳ್ಳಿ ಸಿಕ್ಕಂತೆ. ಅಸಲಿ ಅಂಕಿ ಅವಳ ತಲೆಯಲ್ಲಿತ್ತು. ಸಾಹುಕಾರನ ಅರವತ್ತು ಕಿಲೋ ಇಟ್ಟಿಗೆ ಕೆಂಪು ಮುಂದಿನ ವಾರ ಕೊಡಬೇಕಾಗಿತ್ತು. ಅದನ್ನು ಎಂದಿನಂತೆ ತಾನೇ ನಿಂತು ಹಾಕುವುದು, ಯಾರೂ ಹತ್ತಿರ ಸುಳಿಯಬಾರದು. ಎಲ್ಲ ಸರಿಯಾಗಿತ್ತು.

ಗುರುವಾರ ಬೆಳಿಗ್ಗೆಯೇ, "ಹಲ್ಲಿನ ಡಾಕ್ಟರ ಹತ್ರ ಹೋಗ್ತೀನಿ" ಎಂದು ಸುಳ್ಳು ಹೇಳಿ ಕಾಲುವೆ ದಾಟಿದಳು. ಗಡ್ಡದವನ ಶೆಡ್ಡಿನ ಹಿಂದೆ ಆಳೆತ್ತರದ ಗೋಡೆ. ಪಕ್ಕದಲ್ಲಿ ಬಿದ್ದಿದ್ದ ಮರದ ಪೆಟ್ಟಿಗೆಯನ್ನು ಬೋರಲು ಹಾಕಿ ಹತ್ತಿ ನಿಂತಳು. ಫೋನು ಎಲ್ಲಿ ಬಡಿದುಕೊಳ್ಳುತ್ತದೋ ಎಂದು ಅದರ ಬಾಯಿ ಮುಚ್ಚಿ ಚೀಲದೊಳಗೆ ತುರುಕಿದ್ದಳು. ಒಳಗೆ ಕಂಬಿಗಳ ಮೇಲೆ ಬರೀ ಹಳದಿ ನೂಲಿತ್ತು. ಕೆಂಪು ತೊಟ್ಟಿಯಿಂದ ಏಳುವವರೆಗೆ ಕಾಯಬೇಕು. ಕಾದಳು. ಬಿಸಿಲೇರಿತು. ಇಳಿದು ನೆರಳಲ್ಲಿ ಕೂತಳು, ಮತ್ತೆ ಹತ್ತಿದಳು. ಐವತ್ತೆರಡರ ಹೆಂಗಸು ಗೋಡೆಗೆ ಗಲ್ಲ ಆನಿಸಿ ನಿಂತಿರುವುದನ್ನು ಕಂಡು ದಾರಿಯಲ್ಲಿ ಹೋಗುತ್ತಿದ್ದ ಸೈಕಲ್ಲಿನವನು ಎರಡು ಸಲ ಹಿಂತಿರುಗಿ ನೋಡಿ ಹಳ್ಳಕ್ಕಿಳಿದ.

ಎರಡು ಗಂಟೆಯ ಹೊತ್ತಿಗೆ ಕೆಂಪು ನೂಲು ಹೊರಗೆ ಬಂತು. ಅದನ್ನು ಹೊತ್ತು ತಂದವನು ಗಡ್ಡದವನೇ.

"ಏನಕ್ಕಾ," ಎಂದ ಅವನು, ಮೇಲೆ ನೋಡಿ. "ತಲೆಯೊಂದನ್ನೇ ಒಣಹಾಕಿದ್ದೀರಲ್ಲ. ಉಳಿದದ್ದೆಲ್ಲಿ?"

ಬಣ್ಣದಕ್ಕ ಬಗ್ಗಲಿಲ್ಲ. ಸಿಕ್ಕಿಬಿದ್ದ ಮೇಲೆ ಬಗ್ಗುವುದೇನು? "ಎಷ್ಟು ಕೊಟ್ಟೆ ಅವಳಿಗೆ?"

"ಯಾರಿಗೆ?"

"ನಾಟಕ ಆಡಬೇಡ. ಅಪ್ಪನ ಅನ್ನ ತಿಂದು ಅಪ್ಪನ ಬಣ್ಣ ಕದ್ದೆಯಲ್ಲೋ ಗಡ್ಡ!"

ಗಡ್ಡದವನ ನಗು ಇಳಿಯಿತು. "ಕದ್ದಿಲ್ಲ. ನಿಮ್ಮ ಕಡೆಯಿಂದಲೇ ಬಂತು. ಅಚ್ಚು ಹಾಕಿದ ಹಾಳೆಯಲ್ಲಿ, ಅಚ್ಚುಕಟ್ಟಾಗಿ. ಬೇಕಾದ್ರೆ ನಿಮ್ಮವರನ್ನೇ ಕೇಳಿ." ಎಂದವನೇ ಲಡಿಗಳನ್ನು ಕಂಬಿಗೆ ಹಾಕತೊಡಗಿದ. ಬಿಸಿಲಿಗೆ ಆಗಲೇ ಒಣಗಿದ್ದ ಒಂದು ತುದಿ ಗಾಳಿಗೆ ತಿರುಗಿತು. ಅಪ್ಪಟ ಇಟ್ಟಿಗೆ ಕೆಂಪು. ಹಳೆಯ ಆರು ಗ್ರಾಮಿನದು.

ನಿಮ್ಮ ಕಡೆಯಿಂದಲೇ. ಇನ್ನೇನು ಬೇಕು? ಬಲೆಗೆ ಬೀಳುವವರೆಗೆ ಕಾಯುವ ಸಹನೆ ಬಣ್ಣದಕ್ಕನಿಗೆ ಉಳಿಯಲಿಲ್ಲ. ಪೆಟ್ಟಿಗೆಯಿಂದ ಹಾರಿದಳು, ಕಾಲು ಉಳುಕಿತು, ಲೆಕ್ಕಿಸದೆ ಕುಂಟುತ್ತಲೇ ನಡೆದಳು. ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದಳು. ಸಂಜೆಯೊಳಗೆ ಗಂಟುಮೂಟೆ ಕಟ್ಟಿಸುತ್ತೇನೆ. ಮಗುವಿನ ಪರೀಕ್ಷೆ ಮುಗಿಯುವವರೆಗೆ ಬೇಕಾದರೆ ಮಗು ಇರಲಿ. ಅವಳು ಬೇಡ.

ತನ್ನ ಶೆಡ್ಡಿನ ಹಿಂಬದಿಯಿಂದ ಬಂದವಳು ಕಂಬಿಗಳ ಮುಂದೆ ಗಕ್ಕನೆ ನಿಂತಳು.

ಈ ತುದಿಯಿಂದ ಆ ತುದಿಯವರೆಗೆ ನೂಲು. ಅರವತ್ತು ಕಿಲೋ. ಅರ್ಧ ಒಣಗಿತ್ತು, ಅರ್ಧ ತೊಟ್ಟಿಕ್ಕುತ್ತಿತ್ತು. ಒಣಗಿದ್ದು ಕುರಿಯ ಪಿತ್ತಜನಕಾಂಗದ ಬಣ್ಣ.

ಅವಳಿಗೆ ಒಂದೇ ಗಳಿಗೆಯಲ್ಲಿ ಗೆದ್ದ ಖುಷಿಯೂ ಮನೆ ಸುಟ್ಟ ಸಂಕಟವೂ ಒಟ್ಟಿಗೆ ಬಂದವು. ಹದಿನಾರು! ಕಳ್ಳಿ ಸಿಕ್ಕಿದಳು. ಆದರೆ ನೂಲು ತನ್ನದು.

"ಯಾರೇ ಇದನ್ನ ಹಾಕಿದ್ದು?"

ನೂಲು ತಿರುವುವ ಇಬ್ಬರು ಹೆಂಗಸರು ಒಬ್ಬರ ಹಿಂದೊಬ್ಬರು ಸರಿದರು. ಆಫೀಸಿನಿಂದ ಕಿರಿಯಕ್ಕ ಹೊರಗೆ ಬಂದಳು. ರಬ್ಬರ್ ಏಪ್ರನ್ ಇನ್ನೂ ಮೈಮೇಲಿತ್ತು. ಮುಖ ಬಾಡಿತ್ತು. ಬಾಗಿಲಲ್ಲಿ ತಮ್ಮ ವ್ಯಾನಿನ ಕೀಲಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದ.

"ನಾನು ಅತ್ತಿಗೆ," ಎಂದಳು ಕಿರಿಯಕ್ಕ. "ನೀವು ಹೋದ ತಕ್ಷಣ ಸಾಹುಕಾರರ ಫೋನ್ ಬಂತು. ನಾಳೆ ಬೆಳಿಗ್ಗೆಯೇ ಬೇಕು, ಇಲ್ಲಾಂದ್ರೆ ಆಚೆಯವರಿಗೆ ಕೊಡ್ತೀವಿ ಅಂದ್ರು. ನಿಮಗೆ ಏಳು ಸಲ ಫೋನ್ ಮಾಡಿದೆ."

"ಏಳು ಸಲ ನಾನೂ ಎಣಿಸಿದೆ," ಎಂದ ತಮ್ಮ.

"ನೀನು ಸುಮ್ನಿರೋ!" ಬಣ್ಣದಕ್ಕ ಕಿರಿಯಕ್ಕನ ಹತ್ತಿರ ಹೋಗಿ ಅವಳ ಎಡಗೈ ಹಿಡಿದು ಕೈಗವಸನ್ನು ಕಿತ್ತೆಳೆದಳು. ಮುಂಗೈ ಮೇಲೆ ನೀಲಿ ಪೆನ್ನಿನಲ್ಲಿ ಸಾಲಾಗಿ ಅಂಕಿಗಳಿದ್ದವು. ಕೊನೆಯದು ಹದಿನಾರು. "ಇದು ಟೈಮೇನು? ಹೇಳು! ನನ್ನ ಪಾಸ್‌ವರ್ಡ್ ನಿನಗೆ ಎಲ್ಲಿ ಸಿಕ್ತು?"

ಕಿರಿಯಕ್ಕ ಕಣ್ಣು ಪಿಳುಕಿಸಿದಳು. "ಯಾವ ಪಾಸ್‌ವರ್ಡ್?"

"ಫೈಲು ತೆಗೆಯೋ ಪಾಸ್‌ವರ್ಡು!"

"ತೆಗೆಯೋಕೆ ಏನೂ ಬೇಡವಲ್ಲ ಅತ್ತಿಗೆ. ತಿದ್ದೋಕೆ ಮಾತ್ರ ತಾನೆ ಬೇಕಿರೋದು?"

"ಸುಳ್ಳು ಬೊಗಳಬೇಡ."

ಕಿರಿಯಕ್ಕ ಆಫೀಸಿನೊಳಗೆ ನಡೆದಳು. ಬಣ್ಣದಕ್ಕ ಕುಂಟುತ್ತ ಹಿಂದೆ ಹೋದಳು. ಕಿರಿಯಕ್ಕ ನಿಂತುಕೊಂಡೇ ಫೈಲಿನ ಮೇಲೆ ಒತ್ತಿದಳು. ಪಾಸ್‌ವರ್ಡ್ ಕೊಡಿ ಎನ್ನುವ ಪೆಟ್ಟಿಗೆ ಬಂತು. ಅದರ ಕೆಳಗಿನ ಸಣ್ಣ ಗುಂಡಿಯನ್ನು ಒತ್ತಿದಳು. ಅದರ ಮೇಲೆ ಬರೆದಿದ್ದುದು ಇಷ್ಟೇ: ಓದಲು ಮಾತ್ರ. ಅಪ್ಪನ ನೋಟುಬುಕ್ಕು ಪುಟ ಪುಟವಾಗಿ ಪರದೆ ತುಂಬ ಬಿಚ್ಚಿಕೊಂಡಿತು.

ಬಣ್ಣದಕ್ಕ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಇದು... ಯಾವಾಗಿಂದ?"

"ನೀವು ಬರೆದು ಮುಗಿಸಿದಾಗಿಂದ. ಲೆಕ್ಕ ಬರೆಯೋಕೆ ಕೂತಾಗ ಕಂಡಿತು. ಎಲ್ಲರೂ ಓದ್ಲಿ, ಯಾರೂ ಕೈ ಹಾಕೋದು ಬೇಡ ಅಂತ ಹೀಗೆ ಇಟ್ಟಿದ್ದೀರಿ ಅಂದ್ಕೊಂಡೆ." ಅವಳ ದನಿ ಸಣ್ಣದಾಯಿತು. "ಇವರಿಗೂ ಹೇಳಿದೆ. ಬಾಯಿಬಿಟ್ಟು ಹೇಳೋದು ಅತ್ತಿಗೆಗೆ ಬರಲ್ಲ, ಈ ಮನೆಗೆ ಬಂದ ಹದಿನೆಂಟು ವರ್ಷಕ್ಕೆ ಹೀಗಾದ್ರೂ ಬುಕ್ಕು ಕೈಗೆ ಕೊಟ್ರು ಅಂತ."

"ಹೇಳಿದ್ಲು," ಎಂದ ತಮ್ಮ ಬಾಗಿಲಿಂದ. "ಅವತ್ತು ಅತ್ತುಬಿಟ್ಲು ಕೂಡ."

ಬಣ್ಣದಕ್ಕ ಈ ಸಲ ಅವನನ್ನು ಗದರಿಸಲಿಲ್ಲ.

"ನಾನು ಬಂದಾಗ ಮುಚ್ಚಿಡ್ತಿದ್ದೆಯಲ್ಲ?"

"ಕೊಟ್ಟಿದ್ದನ್ನ ನಿಮ್ಮ ಎದುರಿಗೇ ನೋಡಿದ್ರೆ ನಿಮಗೆ ಸಂಕೋಚ ಆಗುತ್ತೆ ಅಂತ. ಬಿಸಿ ಎಷ್ಟು, ಸೋಡಾ ಎಷ್ಟು ಹೊತ್ತಿಗೆ ಅಂತ ಕೈ ಮೇಲೆ ಬರ್ಕೊಂಡು ತೊಟ್ಟಿ ಹತ್ರ ನೋಡ್ಕೋತಿದ್ದೆ. ಎರಡು ತಿಂಗಳಿಂದ ಒಂದು ಲಾಟೂ ವಾಪಸ್ ಬಂದಿಲ್ಲ, ನೋಡಿದ್ದೀರಲ್ಲ."

ನೋಡಿದ್ದಳು. ತನ್ನ ಕೈಗುಣ ಎಂದು ಬೀಗಿದ್ದಳು.

ಹಾಗಾದರೆ ಗಡ್ಡದವನಿಗೆ ಹಾಳೆ ಕೊಟ್ಟವರು ಯಾರು? ಅಚ್ಚು ಹಾಕಿದ ಹಾಳೆ. ಈ ಆಫೀಸಿನಲ್ಲಿ ಅಚ್ಚು ಹಾಕುವ ಯಂತ್ರವೇ ಇರಲಿಲ್ಲ. ಬಣ್ಣದಕ್ಕ ಚೀಲದಿಂದ ಫೋನು ತೆಗೆದಳು. ಎತ್ತದೆ ಬಿಟ್ಟ ಕರೆಗಳು ಏಳು. ಅವನ್ನು ಪಕ್ಕಕ್ಕೆ ಸರಿಸಿ ಗುಮಾಸ್ತನಿಗೆ ಕರೆ ಮಾಡಿದಳು.

"ನಾನು ಕಳಿಸಿದ ಬಣ್ಣದ ಫೈಲು ತೆಗೆದ್ರೇನಯ್ಯಾ?"

"ಓ, ಅವತ್ತೇ ತೆಗೆದ್ವಲ್ಲ ಅಕ್ಕಾ."

"ಬೀಗ ಹಾಕಿದೆ ಅಂತ ಹೇಳಿದ್ನಲ್ಲ!"

"ನಾವೂ ಹಾಗೇ ಅಂದ್ಕೊಂಡ್ವಿ. ಒತ್ತಿದ್ರೆ ತೆಗೀತು. ನೀವು ತಮಾಷೆಗೆ ಹೇಳಿದ್ದು ಅಂತ ಸಾಹುಕಾರರು ನಕ್ಕುಬಿಟ್ರು. ಎರಡು ಪ್ರತಿ ಪ್ರಿಂಟ್ ಹಾಕ್ಸಿದ್ರು." ಅಲ್ಲಿಗೆ ಅವನಿಗೆ ತಾನು ಹೇಳಬಾರದ್ದು ಹೇಳಿದೆ ಎನ್ನಿಸಿರಬೇಕು. "ಅಕ್ಕಾ, ನಾಳೆ ನೂಲು...?"

"ನಾಳೆ ನೂಲಿಲ್ಲ. ಎರಡನೇ ಪ್ರತಿ ಯಾರ ಹತ್ರ ಇದೆಯೋ ಅವನನ್ನೇ ಕೇಳಿ," ಎಂದು ಫೋನು ಕುಕ್ಕಿದಳು.

ಹೊರಗೆ ನೂಲು ತೊಟ್ಟಿಕ್ಕುವ ಸದ್ದು. ಕಿರಿಯಕ್ಕ ಪರದೆಯ ಮೇಲಿನ ಅಂಕಿಯ ಮೇಲೆ ಬೆರಳಿಟ್ಟಳು.

"ಮೊದಲು ಆರು ಇತ್ತು. ನನಗೆ ಚೆನ್ನಾಗಿ ನೆನಪಿದೆ. ಹೊಸ ಡಬ್ಬಿ ನೀಲಿ ಸಪ್ಪೆ ಅಂತ ನೀವು ಮೊನ್ನೆ ಬೈತಿದ್ರಲ್ಲ, ಅದಕ್ಕೇ ಜಾಸ್ತಿ ಮಾಡಿದ್ದೀರಿ ಅಂದ್ಕೊಂಡೆ. ನೂಲು ಹಸಿ ಇದ್ದಾಗ ಗೊತ್ತೂ ಆಗಲ್ಲ. ಯಾಕೆ ಹದಿನಾರು ಮಾಡಿದ್ರಿ ಅತ್ತಿಗೆ?"

ಉತ್ತರ ಅವಳೇ ತಂದು ಬಾಯಿಗಿಟ್ಟಿದ್ದಳು. ಹೌದು, ನೀಲಿ ಸಪ್ಪೆಯಿತ್ತು, ಅಂದಾಜು ತಪ್ಪಿತು. ಇಷ್ಟು ಹೇಳಿದರೆ ಮುಗಿಯಿತು. ಮಹಡಿ ಹಾಗೇ ಇರುತ್ತದೆ, ಅತ್ತಿಗೆ ಬುಕ್ಕು ಕೊಟ್ಟಳು ಎನ್ನುವ ಆ ಮಾತೂ ಹಾಗೇ ಇರುತ್ತದೆ. ಬಣ್ಣದಕ್ಕ ಬಾಯಿ ತೆರೆದಳು. ಅವಳ ಬಾಯಿಗೆ ನಯದ ಸುಳ್ಳು ಅಭ್ಯಾಸವಿರಲಿಲ್ಲ.

"ನಿನ್ನ ಹಿಡಿಯೋಕೆ," ಎಂದಳು.

ಕಿರಿಯಕ್ಕನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಅವಳು ಇನ್ನೊಂದು ಕೈಗವಸನ್ನೂ ತೆಗೆದು ಮೇಜಿನ ಮೇಲಿಟ್ಟಳು. ಏಪ್ರನ್ ಬಿಚ್ಚಿ ಮಡಿಸಿದಳು. ಅಂಚಿಗೆ ಅಂಚು ಕೂರುವಂತೆ, ಅಷ್ಟು ಸಾವಧಾನವಾಗಿ ಅದನ್ನು ಯಾರೂ ಎಂದೂ ಮಡಿಸಿರಲಿಲ್ಲ.

"ಬೈಯೋಕಾದ್ರೂ ಬೈಯೇ!" ಬಣ್ಣದಕ್ಕ ಕಿರುಚಿದಳು.

"ಬೈದ್ರೆ ಏನು ಬಂತು? ಆ ನೂಲಿಗೆ ಕಪ್ಪು ಹಾಕಿಸಿ. ಕಪ್ಪು ಎಲ್ಲಾನೂ ಮುಚ್ಚುತ್ತೆ." ತಮ್ಮನ ಕಡೆ ತಿರುಗಿ, "ಮಗಳು ಸ್ಕೂಲಿಂದ ಬರ್ಲಿ. ನಮ್ಮ ಅಮ್ಮನ ಮನೆಗೆ ಹೋಗೋಣ. ಬಾಡಿಗೆ ಮನೆ ಸಿಗೋ ತನಕ," ಎಂದಳು. ತಮ್ಮ ಜೀವನದಲ್ಲಿ ಮೊದಲ ಸಲ ಯಾರಿಗೂ ಹೂಂ ಅನ್ನಲಿಲ್ಲ. ಕೀಲಿ ಸುತ್ತುವುದನ್ನು ನಿಲ್ಲಿಸಿ ಅಕ್ಕನನ್ನೇ ನೋಡಿದ.

ಕಿರಿಯಕ್ಕ ಬಾಗಿಲವರೆಗೆ ಹೋದವಳು ನಿಂತಳು. "ನಾವು ಹೋಗೋಕೆ ಮುಂಚೆ ಸರಿಯಾಗಿ ಬೀಗ ಹಾಕ್ಕೊಳ್ಳಿ. ಮೇಲಿನ ಜಾಗದಲ್ಲಿ ಹಾಕ್ಬೇಕು, ಕೆಳಗಲ್ಲ. ಆಮೇಲೆ ಇನ್ನೊಂದು ಪ್ರತಿ ಎಲ್ಲಿಗೋ ಹೋದ್ರೆ ಅದಕ್ಕೂ ನನ್ನ ಹೆಸರೇ ಬರುತ್ತೆ." ಎಂದು ಹೇಳಿ ಗೋಡೆಯ ಕಡೆ ಮುಖ ತಿರುಗಿಸಿದಳು. "ಹಾಕಿ. ನಾನು ನೋಡಲ್ಲ."

ಬಣ್ಣದಕ್ಕ ಕುರ್ಚಿಯಲ್ಲಿ ಕೂತಳು. ಮೊದಲು ಹಳೇ ಪಾಸ್‌ವರ್ಡ್ ಕೊಟ್ಟು ಹದಿನಾರರ ಒಂದನ್ನು ಅಳಿಸಿದಳು. ನಂತರ ಆ ಚೌಕ ತೆರೆದಳು. ಮೇಲಿನ ಖಾಲಿ ಜಾಗ, ಅದರ ಕೆಳಗೆ ಅದೇ ಎಚ್ಚರಿಕೆ. ಮರೆತರೆ ಯಾರಿಂದಲೂ ತೆರೆಯಲಾಗದು. ಒಂದು ಬೆರಳು ಕೀಲಿಮಣೆಯ ಮೇಲೆ ತೂಗಾಡಿತು. ತಾನೊಬ್ಬಳೇ ಬಲ್ಲ ಒಂದು ಮಾತು ಹಾಕಬೇಕು. ಮಹಡಿ ಖಾಲಿಯಾಗಿರುತ್ತದೆ. ತಾನು ಮರೆತ ದಿನ ಅಪ್ಪನ ಬಣ್ಣವೆಲ್ಲ ಈ ಡಬ್ಬದೊಳಗೇ ಉಳಿಯುತ್ತದೆ.

"ಇತ್ತ ಬಾರೇ," ಎಂದಳು.

"ಯಾಕೆ?"

"ಬಾ ಅಂದ್ರೆ ಬಾ. ಕೇಳಿಸಲ್ವಾ? ನಾನು ನಾಲ್ಕು ಅಕ್ಷರ ಹಾಕ್ತೀನಿ. ನೀನು ಎಷ್ಟಾದ್ರೂ ಹಾಕು. ನಿಂದು ನನಗೆ ಬೇಡ, ನಂದು ನಿನಗೆ ಬೇಡ."

ಕಿರಿಯಕ್ಕ ಗೋಡೆಯಿಂದ ಮುಖ ತಿರುಗಿಸಲಿಲ್ಲ. "ಹಾಗಾದ್ರೆ ಒಬ್ಬರೇ ಇದ್ರೆ ತೆಗೆಯೋಕಾಗಲ್ಲ."

"ಆಗಲ್ಲ."

"ನಾವು ಮನೆ ಬಿಟ್ಟು ಹೋದ್ರೆ?"

"ಹೋದ್ರೆ ತಾನೆ!" ಬಣ್ಣದಕ್ಕ ಮೇಜು ಕುಟ್ಟಿದಳು. "ಹೋಗು, ಯಾರು ಬೇಡ ಅಂದ್ರು? ಹೋಗು ನೋಡೋಣ. ನಾಳೆ ಬೆಳಿಗ್ಗೆ ನೀಲಿ ಎಷ್ಟು ಗ್ರಾಂ ಅಂತ ನಾನು ಯಾರ ಮುಖ ನೋಡ್ಲಿ?"

ಕಿರಿಯಕ್ಕ ಮೇಜಿನ ಕಡೆ ತಿರುಗಿದಳು. "ಹೋಗೋದನ್ನ ನಾನಿನ್ನೂ ಬಿಟ್ಟಿಲ್ಲ," ಎಂದಳು. "ಯೋಚನೆ ಮಾಡ್ತೀನಿ. ಮೊದಲು ನೀವು ಹಾಕಿ."

ಬಣ್ಣದಕ್ಕ ನಾಲ್ಕು ಅಕ್ಷರ ಕುಟ್ಟಿ ಎದ್ದಳು. ಕಿರಿಯಕ್ಕ ಬಂದು ಕೂತಳು. ಈಗ ಗೋಡೆ ನೋಡುವ ಸರದಿ ಬಣ್ಣದಕ್ಕನದು. ಸುಣ್ಣ ಉದುರಿದ ಜಾಗದಲ್ಲಿ ಕಣ್ಣು ನೆಟ್ಟು ನಿಂತಳು. ಹಿಂದೆ ಕೀಲಿಗಳ ಸದ್ದಾಯಿತು.

"ಇನ್ನೊಂದು ಸಲ ಹಾಕಿ ಅಂತಿದೆ," ಎಂದಳು ಕಿರಿಯಕ್ಕ. "ಖಾತ್ರಿಗೆ."

ಮತ್ತೆ ಕುರ್ಚಿ ಬದಲಾಯಿತು. ನಾಲ್ಕು ಅಕ್ಷರ. ಮತ್ತೆ ಗೋಡೆ. ಬಣ್ಣದಕ್ಕನ ಕಿವಿ ತಾನಾಗಿಯೇ ನಿಮಿರಿತು. ಒಂದು, ಎರಡು, ಮೂರು... ಆರಕ್ಕೆ ಬಂದಾಗ ತಾನು ಎಣಿಸುತ್ತಿದ್ದೇನೆ ಎಂದು ಅವಳಿಗೆ ತಿಳಿಯಿತು. ತನ್ನ ಮೇಲೆ ತನಗೇ ಎಲ್ಲಿಲ್ಲದ ಸಿಟ್ಟು ಬಂತು. ಕಿಟಕಿಗೆ ಕಟ್ಟಿದ್ದ ಗೋಣಿಯನ್ನು ಒಂದೇ ಏಟಿಗೆ ಕಿತ್ತೆಸೆದು, ಉಳಿದ ಸದ್ದು ಕೇಳಿಸದಷ್ಟು ಜೋರಾಗಿ ಹೊರಗಿನ ಹೆಂಗಸರಿಗೆ ಕೂಗಿದಳು:

"ಏನ್ರೇ ಬಾಯಿ ಬಿಟ್ಕೊಂಡು ನಿಂತಿದ್ದೀರಿ? ಆ ನೂಲು ಇಳಿಸಿ! ತೊಟ್ಟಿಗೆ ನೀರು ಬಿಡಿ! ಕಪ್ಪಿಗೆ ಎಷ್ಟು ಗ್ರಾಂ ಅಂತ ಇವಳು ಹೇಳ್ತಾಳೆ!"